ಕಾರಿನ ಕಿಟಕಿ ಗಡಗಡಿಸುವುದೇಕೆ?

ಹಳಿಯಾಳದಿಂದ ದಾಂಡೇಲಿಗೂ ಅಲ್ಲಿಂದ ಜೋಯಿಡಾಕ್ಕೂ ಕಾರಿನಲ್ಲಿ ಪ್ರಯಾಣ ಮಾಡುವವರು ದಾರಿಯ ಬದಲಾವಣೆಯನ್ನು ಕಣ್ಣಿನಿಂದ ಕಾಣುವಂತೆಯೇ ಕಿವಿಯಿಂದಲೂ ತಿಳಿಯಬಲ್ಲರು. ಡಾಂಬರು ನಯವಾಗಿರುವವರೆಗೆ ಎಂಜಿನ್ನಿನ ಮೊರೆತವೊಂದೇ ಕೇಳುತ್ತಿರುತ್ತದೆ. ಹಳ್ಳಿಯ ಕಡೆಗೆ ತಿರುಗಿ ಮಣ್ಣುರಸ್ತೆಯನ್ನು ಹಿಡಿದೊಡನೆ ಬಾಗಿಲಿನ ಕಡೆಯಿಂದ ಗಡಗಡ ಸದ್ದು ಪ್ರಾರಂಭವಾಗುತ್ತದೆ. ಗಾಜನ್ನು ಪೂರ್ತಿ ಏರಿಸಿದರೆ ಕೆಲವೊಮ್ಮೆ ಅದು ನಿಲ್ಲುತ್ತದೆ; ಕೆಲವೊಮ್ಮೆ ನಿಲ್ಲುವುದಿಲ್ಲ. ಒಂದು ವೇಗದಲ್ಲಿ ಜೋರಾಗಿ ಕೇಳಿದ್ದು ಇನ್ನೊಂದು ವೇಗದಲ್ಲಿ ಮಾಯವಾಗುತ್ತದೆ. ‘ಹಳೆಯ ಗಾಡಿ, ಸದ್ದು ಮಾಡದೆ ಇದ್ದೀತೆ?’ ಎಂದು ಬಹಳ ಜನರು ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಮತ್ತೆ ಕೆಲವರು ಗ್ಯಾರೇಜಿಗೆ ಹೋಗಿ, ಸದ್ದಿನ ಮೂಲವನ್ನು ಹುಡುಕದೆಯೇ ಮೋಟಾರನ್ನೋ ರೆಗ್ಯುಲೇಟರನ್ನೋ ಬದಲಾಯಿಸಿಕೊಂಡು ಬರುತ್ತಾರೆ. ಹಣ ಖರ್ಚಾಗುತ್ತದೆ, ಸದ್ದು ಮಾತ್ರ ಉಳಿಯುತ್ತದೆ.

ಸದ್ದು ಎಂಬುದು ಒಂದು ಸಾಕ್ಷ್ಯ. ಅದನ್ನು ಸರಿಯಾಗಿ ವಿಚಾರಿಸಿದರೆ ಬಾಗಿಲನ್ನು ಬಿಚ್ಚುವ ಮೊದಲೇ ದೋಷವಿರುವ ಸ್ಥಳವನ್ನು ಬಹುಮಟ್ಟಿಗೆ ಊಹಿಸಬಹುದು. ಹೀಗೆ ವಿಚಾರಿಸುವುದಕ್ಕೆ ಬೇಕಾದ ಭೌತಶಾಸ್ತ್ರವೆಲ್ಲ ಪ್ರೌಢಶಾಲೆ, ಕಾಲೇಜುಗಳ ಪಾಠದಲ್ಲಿಯೇ ಇದೆ. ಕಂಪನ, ಅನುರಣನ, ಘರ್ಷಣೆ, ವಿದ್ಯುತ್ ಮೋಟಾರು ಎಂಬ ನಾಲ್ಕು ಅಧ್ಯಾಯಗಳು ಒಂದೇ ಬಾಗಿಲಿನೊಳಗೆ ಅಡಕವಾಗಿವೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಬಾಗಿಲಿನ ಒಳಗಡೆ

ಕಾರಿನ ಬಾಗಿಲು ಹೊರಗೊಂದು, ಒಳಗೊಂದು ಉಕ್ಕಿನ ತಗಡನ್ನು ಸೇರಿಸಿ ಮಾಡಿದ ಪೊಳ್ಳು ಪೆಟ್ಟಿಗೆ. ಕಿಟಕಿಯ ಗಾಜು ಈ ಪೆಟ್ಟಿಗೆಯೊಳಕ್ಕೆ ಇಳಿಯುತ್ತದೆ, ಅದರಿಂದ ಮೇಲಕ್ಕೆ ಏರುತ್ತದೆ. ಗಾಜಿನ ಎರಡು ಪಕ್ಕದ ಅಂಚುಗಳೂ ಚಾನೆಲ್ ಎಂಬ ತೋಡಿನೊಳಗೆ ಜಾರುತ್ತವೆ. ಆ ತೋಡಿಗೆ ರಬ್ಬರಿನ ಒಳಪದರವಿದೆ. ರಬ್ಬರಿನ ಮೇಲೆ ಮಖಮಲ್ಲಿನಂಥ ನುಣುಪಾದ ಎಳೆಗಳಿರುತ್ತವೆ. ಗಾಜು ಬಾಗಿಲಿನೊಳಕ್ಕೆ ಇಳಿಯುವ ಸೀಳಿನ ಎರಡೂ ಕಡೆ ರಬ್ಬರಿನ ಪಟ್ಟಿಗಳಿದ್ದು ಗಾಜನ್ನು ತುಟಿಗಳಂತೆ ಒತ್ತಿ ಹಿಡಿಯುತ್ತವೆ. ಇವುಗಳನ್ನೆಲ್ಲ ಗ್ಯಾರೇಜಿನವರು ಒಟ್ಟಾಗಿ ‘ಬೀಡಿಂಗ್’ ಎನ್ನುವರು. ಗಾಜಿನ ಕೆಳಅಂಚು ರೆಗ್ಯುಲೇಟರ್ ಎಂಬ ಎತ್ತುವ ಸಾಧನಕ್ಕೆ ಹಿಡಿಕೆಗಳ ಮೂಲಕ ಬಿಗಿಯಲ್ಪಟ್ಟಿರುತ್ತದೆ. ಇವಲ್ಲದೆ ಬೀಗದ ಸರಳುಗಳು, ವಿದ್ಯುತ್ ತಂತಿಗಳು, ಧ್ವನಿವರ್ಧಕ, ಎಲ್ಲಕ್ಕೂ ಒಳಗಡೆ ಹೊದಿಕೆಯಾಗಿರುವ ಡೋರ್ ಪ್ಯಾಡ್ ಇವೂ ಬಾಗಿಲಿನ ಸಂಸಾರಕ್ಕೆ ಸೇರಿದವು.

ಪಕ್ಕದ ಕಿಟಕಿಗಳಿಗೆ ಸಾಮಾನ್ಯವಾಗಿ ಹದಗೊಳಿಸಿದ ಗಾಜನ್ನು ಬಳಸುತ್ತಾರೆ. ಗಾಜನ್ನು ಸುಮಾರು ೬೦೦ ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಾಗಿ ಕಾಯಿಸಿ, ಎರಡು ಮೈಗಳಿಗೂ ತಣ್ಣನೆಯ ಗಾಳಿಯನ್ನು ಬಿರುಸಾಗಿ ಊದುತ್ತಾರೆ. ಮೇಲ್ಮೈ ಬೇಗನೆ ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ತಣಿದು ಕುಗ್ಗುವಾಗ ಮೇಲ್ಮೈಯನ್ನು ಒಳಕ್ಕೆ ಎಳೆಯುತ್ತದೆ. ಇದರಿಂದ ಮೇಲ್ಮೈ ಸದಾ ಅಮುಕಿದ ಸ್ಥಿತಿಯಲ್ಲಿಯೂ ಒಳಭಾಗ ಎಳೆತದಲ್ಲಿಯೂ ಇರುತ್ತವೆ. ಇಂಥ ಗಾಜು ಅಗಲವಾದ ಮೈಯ ಮೇಲೆ ಬಿದ್ದ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅಂಚಿನಲ್ಲಿ ಆಳವಾದ ಗಾಯವಾದರೆ ಒಳಗಿನ ಎಳೆತವೆಲ್ಲ ಒಮ್ಮೆಗೇ ಬಿಡುಗಡೆಯಾಗಿ ಇಡೀ ಗಾಜು ಸಣ್ಣ ಸಣ್ಣ ಹರಳುಗಳಾಗಿ ಸುರಿಯುತ್ತದೆ. ಸಡಿಲವಾದ ಗಾಜಿನ ಅಂಚು ದಿನವೂ ಲೋಹಕ್ಕೆ ಬಡಿಯುತ್ತಿದ್ದರೆ ಅದನ್ನು ಅಲಕ್ಷಿಸಬಾರದೆಂಬುದಕ್ಕೆ ಇದೇ ಕಾರಣ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಮಳೆಯ ನೀರು ಬಾಗಿಲಿನೊಳಕ್ಕೆ ಇಳಿಯುವುದು ದೋಷವಲ್ಲ. ಬೀಡಿಂಗ್ ಎಷ್ಟೇ ಬಿಗಿಯಾಗಿದ್ದರೂ ಗಾಜಿನ ಮೇಲಿನಿಂದ ಒಂದಿಷ್ಟು ನೀರು ಒಳಗೆ ಜಾರುತ್ತದೆ. ಅದು ಹೊರಗೆ ಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಹಳಿಯಾಳ, ಮುಂಡಗೋಡಗಳ ಮಣ್ಣುರಸ್ತೆಯ ಕೆಂಧೂಳು ಬಾಗಿಲಿನೊಳಗೆ ಶೇಖರವಾಗುತ್ತದೆ. ಮರಗಳ ಕೆಳಗೆ ನಿಲ್ಲಿಸಿದ ಕಾರಿನೊಳಕ್ಕೆ ತರಗೆಲೆಯ ಚೂರುಗಳು ಸೇರುತ್ತವೆ. ಮುಂದೆ ಜೋಯಿಡಾದ ಘಟ್ಟದ ಮಳೆ ಹಿಡಿದಾಗ ಇವೆಲ್ಲ ಕೆಸರಾಗಿ ರಂಧ್ರಗಳನ್ನು ಮುಚ್ಚುತ್ತವೆ. ತಿರುವಿನಲ್ಲಿ, ಬ್ರೇಕು ಹಾಕಿದಾಗ ಬಾಗಿಲಿನಿಂದ ನೀರು ತುಳುಕಿದ ಸದ್ದು ಕೇಳಿಸಿದರೆ ಈ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಬೇಕು. ಅದನ್ನು ಬಿಟ್ಟರೆ ತುಕ್ಕು ಹಿಡಿಯುವುದು ತಗಡಿಗೆ ಮಾತ್ರವಲ್ಲ, ರೆಗ್ಯುಲೇಟರಿಗೂ ಹಿಡಿಯುತ್ತದೆ.

ಗಡಗಡ ಸದ್ದಿನ ಲೆಕ್ಕ

ಎರಡು ವಸ್ತುಗಳು ಒಂದಕ್ಕೊಂದು ಒತ್ತಿಕೊಂಡಿದ್ದು ಒಟ್ಟಿಗೆ ಅಲುಗಿದರೆ ಸದ್ದಿಲ್ಲ. ಅವು ಕ್ಷಣಕಾಲ ಬೇರೆಯಾಗಿ ಮತ್ತೆ ಬಡಿದುಕೊಂಡರೆ ಸದ್ದು. ಆದುದರಿಂದ ನಮ್ಮ ಪ್ರಶ್ನೆ ಇಷ್ಟೆ: ಗಾಜು ತೋಡಿನ ಮೈಯಿಂದ ಯಾವಾಗ ಬೇರೆಯಾಗುತ್ತದೆ?

ಗಾಜು ೮೦ ಸೆಂಟಿಮೀಟರ್ ಉದ್ದ, ೫೦ ಸೆಂಟಿಮೀಟರ್ ಎತ್ತರ, ೪ ಮಿಲಿಮೀಟರ್ ದಪ್ಪ ಇದೆ ಎಂದಿಟ್ಟುಕೊಳ್ಳೋಣ. ಗಾಜಿನ ಸಾಂದ್ರತೆ ಘನಮೀಟರಿಗೆ ಸುಮಾರು ೨,೫೦೦ ಕಿಲೋಗ್ರಾಂ. ಗುಣಿಸಿ ನೋಡಿದರೆ ಗಾಜಿನ ದ್ರವ್ಯರಾಶಿ ೪ ಕಿಲೋಗ್ರಾಂ ಆಗುತ್ತದೆ.

ಈಗ ರಸ್ತೆಯನ್ನು ನೋಡೋಣ. ವಾಹನಗಳು ಓಡಾಡಿದ ಮಣ್ಣುರಸ್ತೆಯ ಮೇಲೆ ಅಡ್ಡಡ್ಡವಾಗಿ, ಚಾವಣಿಯ ಸುಕ್ಕುತಗಡಿನಂತೆ ಸಾಲು ಏರಿಳಿತಗಳು ಮೂಡಿರುವುದನ್ನು ವಾಚಕರು ಗಮನಿಸಿರಬಹುದು. ಎರಡು ಉಬ್ಬುಗಳ ನಡುವಣ ಅಂತರ ಅರ್ಧ ಮೀಟರು, ಕಾರಿನ ವೇಗ ಗಂಟೆಗೆ ೩೬ ಕಿಲೋಮೀಟರು ಎನ್ನೋಣ. ಈ ವೇಗವೆಂದರೆ ಸೆಕೆಂಡಿಗೆ ೧೦ ಮೀಟರು. ಹಾಗಾದರೆ ಚಕ್ರವು ಸೆಕೆಂಡಿಗೆ ೨೦ ಉಬ್ಬುಗಳನ್ನು ದಾಟುತ್ತದೆ. ಅಂದರೆ ಕಂಪನಾಂಕ ೨೦ ಹರ್ಟ್ಸ್. ಕಾರಿನ ಸ್ಪ್ರಿಂಗುಗಳು ಇದರ ಬಹುಭಾಗವನ್ನು ನುಂಗಿದರೂ ಬಾಗಿಲಿನ ಚೌಕಟ್ಟಿಗೆ ೧ ಮಿಲಿಮೀಟರಿನಷ್ಟು ಪಾರವುಳ್ಳ ಅಲುಗಾಟ ತಲುಪಿತೆಂದು ಭಾವಿಸೋಣ. ಸರಳ ಸಂಗತ ಚಲನೆಯಲ್ಲಿ ಗರಿಷ್ಠ ವೇಗೋತ್ಕರ್ಷವು ಪಾರವನ್ನು ಕೋನೀಯ ಕಂಪನಾಂಕದ ವರ್ಗದಿಂದ ಗುಣಿಸಿದಷ್ಟು. ಕೋನೀಯ ಕಂಪನಾಂಕ ೨ × ೩.೧೪ × ೨೦, ಎಂದರೆ ಸುಮಾರು ೧೨೬. ಅದರ ವರ್ಗವನ್ನು ೦.೦೦೧ ಮೀಟರಿನಿಂದ ಗುಣಿಸಿದರೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು ೧೬ ಮೀಟರು ಬರುತ್ತದೆ. ಇದು ಗುರುತ್ವ ವೇಗೋತ್ಕರ್ಷಕ್ಕಿಂತಲೂ ಹೆಚ್ಚು!

೪ ಕಿಲೋಗ್ರಾಂ ಗಾಜು ಚೌಕಟ್ಟಿನೊಡನೆ ಇಷ್ಟು ವೇಗೋತ್ಕರ್ಷದಿಂದ ಅಲುಗಬೇಕಾದರೆ ೪ × ೧೬, ಅಂದರೆ ೬೪ ನ್ಯೂಟನ್ ಬಲ ಬೇಕು. ರಬ್ಬರುಗಳೆಲ್ಲ ಸೇರಿ ಗಾಜನ್ನು ಇದಕ್ಕಿಂತ ಹೆಚ್ಚಿನ ಬಲದಿಂದ ಒತ್ತಿಕೊಂಡಿದ್ದರೆ ಗಾಜು ಬೇರೆಯಾಗದು. ಹೊಸ ಕಾರಿನಲ್ಲಿ ಹೀಗೆಯೇ ಇರುತ್ತದೆ. ಬಿಸಿಲು, ಗಾಳಿಯ ಆಮ್ಲಜನಕ ಇವುಗಳಿಂದ ರಬ್ಬರು ವರ್ಷ ಕಳೆದಂತೆ ಗಟ್ಟಿಯಾಗಿ ತನ್ನ ಪುಟಿತವನ್ನು ಕಳೆದುಕೊಳ್ಳುತ್ತದೆ. ಧೂಳು ಉಪ್ಪುಕಾಗದದಂತೆ ಉಜ್ಜಿ ಅದರ ಎಳೆಗಳನ್ನು ಸವೆಸುತ್ತದೆ. ಒತ್ತುಬಲ ೬೪ ನ್ಯೂಟನ್ನಿಗಿಂತ ಕೆಳಗಿಳಿದ ದಿನ ಆ ರಸ್ತೆಯಲ್ಲಿ ಆ ವೇಗದಲ್ಲಿ ಗಾಜು ತೋಡಿನೊಳಗೆ ಕುಣಿಯತೊಡಗುತ್ತದೆ.

ಇದೇ ಲೆಕ್ಕದಿಂದ ಮತ್ತೊಂದು ಪಾಠ ದೊರೆಯುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ಕಂಪನಾಂಕ ೧೦ ಹರ್ಟ್ಸ್ ಆಗುತ್ತದೆ. ಅಲುಗಾಟದ ಪಾರ ಅಷ್ಟೇ ಉಳಿದರೆ ಬೇಕಾದ ಬಲ ಅರ್ಧವಾಗುವುದಿಲ್ಲ, ನಾಲ್ಕನೆಯ ಒಂದು ಭಾಗವಾಗುತ್ತದೆ. ೬೪ ನ್ಯೂಟನ್ ಹೋಗಿ ೧೬ ನ್ಯೂಟನ್ ಆಗುತ್ತದೆ. ಕೆಟ್ಟ ರಸ್ತೆಯಲ್ಲಿ ಸ್ವಲ್ಪ ನಿಧಾನಿಸಿದರೂ ಗಾಡಿ ಬಹಳ ಶಾಂತವಾಗುವುದರ ಗುಟ್ಟು ಈ ವರ್ಗನಿಯಮದಲ್ಲಿದೆ.

ಒಂದೇ ವೇಗದಲ್ಲಿ ಕೇಳುವ ಸದ್ದು

ವೇಗ ಹೆಚ್ಚಿದಷ್ಟೂ ಸದ್ದು ಹೆಚ್ಚುತ್ತಾ ಹೋದರೆ ಮೇಲಿನ ವಿವರಣೆ ಸಾಕು. ಆದರೆ ಕೆಲವು ಸದ್ದುಗಳು ಒಂದು ನಿರ್ದಿಷ್ಟ ವೇಗದಲ್ಲಿ ಹುಟ್ಟಿ, ಅದನ್ನು ದಾಟಿದೊಡನೆ ಅಡಗುತ್ತವೆ. ಇದು ಅನುರಣನದ ಲಕ್ಷಣ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸ್ವಾಭಾವಿಕ ಕಂಪನಾಂಕವುಂಟು. ಹೊರಗಿನ ಕಂಪನವು ಅದಕ್ಕೆ ಸರಿಹೊಂದಿದಾಗ, ಉಯ್ಯಾಲೆಯನ್ನು ತಕ್ಕ ಹೊತ್ತಿಗೆ ತಳ್ಳಿದಂತೆ, ಸಣ್ಣ ಬಲವೂ ದೊಡ್ಡ ಅಲುಗಾಟವನ್ನುಂಟುಮಾಡುತ್ತದೆ.

ಬಾಗಿಲಿನ ಒಳಗಿರುವ ಬೀಗದ ತೆಳು ಸರಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದನ್ನು ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಹಿಡಿಕೆ ಹಿಡಿದಿರುತ್ತದೆ. ಹಿಡಿಕೆ ಮುರಿದರೆ ಸರಳಿನ ತೂಗಾಡುವ ಉದ್ದ ಇಮ್ಮಡಿಯಾಗುತ್ತದೆ. ಬಾಗುವ ಸರಳಿನ ಕಂಪನಾಂಕವು, ಉಳಿದ ಸ್ಥಿತಿಗಳು ಒಂದೇ ಆಗಿದ್ದರೆ, ಉದ್ದದ ವರ್ಗಕ್ಕೆ ವಿಲೋಮವಾಗಿರುವುದರಿಂದ ಅದು ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಮೊದಲು ೧೨೦ ಹರ್ಟ್ಸ್ ಇದ್ದುದು ೩೦ ಹರ್ಟ್ಸ್ ಆಯಿತೆನ್ನಿ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಂತಲ್ಲಿಯೇ ನಿಮಿಷಕ್ಕೆ ೯೦೦ ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ೧೫ ಸುತ್ತು. ಪ್ರತಿ ಸುತ್ತಿಗೂ ಎರಡು ಸಿಲಿಂಡರುಗಳು ಸಿಡಿಯುವುದರಿಂದ ಅದರ ಮಿಡಿತ ಸರಿಯಾಗಿ ೩೦ ಹರ್ಟ್ಸ್. ಹೀಗಾಗಿ ಕಾರು ನಿಂತಿರುವಾಗಲೇ ಬಾಗಿಲು ಜಿರ್ರೆನ್ನುತ್ತದೆ. ಎಂಜಿನ್ನಿನ ವೇಗ ಏರಿದೊಡನೆ ಸುಮ್ಮನಾಗುತ್ತದೆ. ರಸ್ತೆಯ ಅಲುಗಾಟವಿಲ್ಲದೆ ಕೇಳುವ ಈ ಸದ್ದಿಗೆ ಗಾಜನ್ನು ದೂರುವುದು ನ್ಯಾಯವಲ್ಲ.

ಕಿರುಗುಟ್ಟುವಿಕೆ ಮತ್ತು ಗುಮ್ಮೆನ್ನುವಿಕೆ

ಗಾಜನ್ನು ಏರಿಸುವಾಗ ಇಳಿಸುವಾಗ ಕೇಳುವ ಕಿರ್ರೆಂಬ ದನಿ ಬೇರೆ ಜಾತಿಯದು. ಇಲ್ಲಿ ಬಡಿತವಿಲ್ಲ, ಅಂಟುವುದು ಮತ್ತು ಜಾರುವುದು ಇವೆರಡರ ಸರದಿಯಿದೆ. ನಿಂತ ವಸ್ತುವನ್ನು ಚಲಿಸುವಂತೆ ಮಾಡಲು ಬೇಕಾದ ಘರ್ಷಣಬಲವು ಅದು ಜಾರುತ್ತಿರುವಾಗಿನ ಘರ್ಷಣಬಲಕ್ಕಿಂತ ಹೆಚ್ಚೆಂಬುದನ್ನು ನಾವು ಬಲ್ಲೆವು. ಒಣಗಿದ ರಬ್ಬರು ಗಾಜಿಗೆ ಅಂಟಿಕೊಂಡು ಅದರೊಡನೆ ಸ್ವಲ್ಪ ಎಳೆಯಲ್ಪಡುತ್ತದೆ, ಎಳೆತ ಮಿತಿಮೀರಿದಾಗ ತಟ್ಟನೆ ಜಾರಿ ಹಿಂದಕ್ಕೆ ಬರುತ್ತದೆ, ಮತ್ತೆ ಅಂಟುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆದಾಗ ಕಿರುಗುಟ್ಟುವ ದನಿ ಹುಟ್ಟುತ್ತದೆ. ಪಿಟೀಲಿನ ತಂತಿಯನ್ನು ಕಮಾನು ನುಡಿಸುವುದೂ ಇದೇ ಕ್ರಮದಿಂದ. ಕಮಾನಿನ ತಂತಿಯ ಚಲನೆಯನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಪರೀಕ್ಷಿಸಿದರು. ನಮ್ಮ ಸರ್ ಸಿ. ವಿ. ರಾಮನ್ ಅವರು ೧೯೧೮ರಲ್ಲಿ ಅದರ ಯಂತ್ರಶಾಸ್ತ್ರೀಯ ಸಿದ್ಧಾಂತವನ್ನು ವಿಸ್ತಾರವಾಗಿ ಪ್ರಕಟಿಸಿದರು. ಪಿಟೀಲಿನಲ್ಲಿ ಇಂಪಾದದ್ದು ಕಿಟಕಿಯಲ್ಲಿ ಕರ್ಕಶವಾಗಿದೆ, ಅಷ್ಟೇ ವ್ಯತ್ಯಾಸ.

ಇದಕ್ಕೆ ಪರಿಹಾರ ಸುಲಭ. ತೋಡನ್ನು ಒದ್ದೆಬಟ್ಟೆಯಿಂದ ಚೊಕ್ಕಟಮಾಡಿ, ಒಣಗಿದ ಮೇಲೆ ಸಿಲಿಕೋನ್ ದ್ರವವನ್ನು ತೆಳುವಾಗಿ ಸಿಂಪಡಿಸಬೇಕು. ಎಂಜಿನ್ ಎಣ್ಣೆ, ಗ್ರೀಸುಗಳನ್ನು ಹಚ್ಚಬಾರದು. ಬೀಡಿಂಗಿಗೆ ಬಳಸುವ ರಬ್ಬರು ಪೆಟ್ರೋಲಿಯಂ ಎಣ್ಣೆಗಳನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಅದಲ್ಲದೆ ಎಣ್ಣೆಯ ಜಿಡ್ಡಿಗೆ ನಮ್ಮ ಕೆಂಧೂಳು ಅಂಟಿಕೊಂಡು ಗಾಜನ್ನೇ ಗೀರುತ್ತದೆ.

ಮೂರನೆಯದು, ವೇಗವಾಗಿ ಹೋಗುವಾಗ ಹಿಂದಿನ ಒಂದೇ ಕಿಟಕಿಯನ್ನು ತೆರೆದರೆ ಕಿವಿಗೆ ಅಪ್ಪಳಿಸುವ ಗುಮ್ ಗುಮ್ ಎಂಬ ಒತ್ತಡ. ಇದು ಯಾವ ಭಾಗದ ದೋಷವೂ ಅಲ್ಲ. ಖಾಲಿ ಸೀಸೆಯ ಬಾಯಿಗೆ ಅಡ್ಡವಾಗಿ ಊದಿದರೆ ಅದು ಮೊರೆಯುವುದಷ್ಟೆ. ಇಲ್ಲಿ ಕಾರೇ ಸೀಸೆ, ಕಿಟಕಿಯೇ ಅದರ ಬಾಯಿ. ಇಂಥ ಪೊಳ್ಳುಗಳ ಅನುರಣನವನ್ನು ವಿವರಿಸಿದವರೂ ಹೆಲ್ಮ್‌ಹೋಲ್ಟ್ಸರೇ. ಒಳಗಿನ ಗಾಳಿಯ ಗಾತ್ರ ೩ ಘನಮೀಟರು, ಕಿಟಕಿಯ ತೆರಪು ೦.೨ ಚದರ ಮೀಟರು, ತೆರಪಿನಲ್ಲಿ ಅಲುಗುವ ಗಾಳಿಯ ಪರಿಣಾಮಕಾರಿ ಉದ್ದ ೦.೪ ಮೀಟರು ಎಂದು ಹಿಡಿದರೆ ಅವರ ಸೂತ್ರದಿಂದ ಸುಮಾರು ೨೨ ಹರ್ಟ್ಸ್ ದೊರೆಯುತ್ತದೆ. ಇದು ಕಿವಿಯ ಕೇಳುವ ಮಿತಿಯ ಕೆಳಅಂಚಿನಲ್ಲಿರುವುದರಿಂದ ದನಿಗಿಂತ ಹೆಚ್ಚಾಗಿ ಬಡಿತವಾಗಿಯೇ ಅನುಭವಕ್ಕೆ ಬರುತ್ತದೆ. ಮತ್ತೊಂದು ಕಿಟಕಿಯನ್ನು ಸ್ವಲ್ಪ ತೆರೆದರೆ ಅನುರಣನ ಕೆಡುತ್ತದೆ, ಬಡಿತ ನಿಲ್ಲುತ್ತದೆ.

ಸದ್ದನ್ನು ವಿಚಾರಿಸುವ ಕ್ರಮ

ಪ್ರಯೋಗಶಾಲೆಯಲ್ಲಿ ಪಾಲಿಸುವ ಒಂದು ನಿಯಮವನ್ನು ಇಲ್ಲಿಯೂ ಪಾಲಿಸಬೇಕು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ರಸ್ತೆ ಒಂದೇ ಇರಲಿ, ವೇಗ ಒಂದೇ ಇರಲಿ. ಕಾರನ್ನು ಒಬ್ಬರು ನಡೆಸಲಿ, ಪರೀಕ್ಷೆಯನ್ನು ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಮಾಡಲಿ. ನಡೆಸುವವರ ಗಮನ ರಸ್ತೆಯ ಮೇಲೆಯೇ ಇರಬೇಕು.

೧. ಮೊದಲು ಬಾಗಿಲಿನ ಜೇಬಿನಲ್ಲಿರುವ ನೀರಿನ ಸೀಸೆ, ಚಿಲ್ಲರೆ ನಾಣ್ಯ, ಬೀಗದಕೈಗಳನ್ನು ತೆಗೆದಿಡಬೇಕು. ಎಷ್ಟೋ ‘ದೋಷ’ಗಳು ಇಲ್ಲಿಗೇ ಮುಗಿಯುತ್ತವೆ.

೨. ಗಾಜನ್ನು ಪೂರ್ತಿ ಏರಿಸಿ, ಅರ್ಧ ಇಳಿಸಿ, ಪೂರ್ತಿ ಇಳಿಸಿ ಮೂರು ಸಲ ಅದೇ ರಸ್ತೆಯಲ್ಲಿ ಹೋಗಬೇಕು. ಪೂರ್ತಿ ಏರಿದ ಗಾಜಿಗೆ ಮೇಲಂಚಿನಲ್ಲಿಯೂ ಆಧಾರವುಂಟು. ಅರ್ಧ ಇಳಿದ ಗಾಜಿಗೆ ಪಕ್ಕದ ತೋಡುಗಳು, ಸೀಳಿನ ತುಟಿಗಳು, ಕೆಳಗಿನ ಹಿಡಿಕೆಗಳು ಇವಿಷ್ಟೇ ಆಧಾರ. ಆದುದರಿಂದ ಅರ್ಧ ಇಳಿಸಿದಾಗ ಮಾತ್ರ ಸದ್ದಾದರೆ ತೋಡಿನ ರಬ್ಬರು ಸವೆದಿದೆ ಅಥವಾ ಹಿಡಿಕೆಯ ಬೋಲ್ಟು ಸಡಿಲಿದೆ ಎಂದು ತಿಳಿಯಬಹುದು. ಪೂರ್ತಿ ಇಳಿಸಿದಾಗ ಮಾತ್ರ ಸದ್ದಾದರೆ ತಳದ ತಡೆರಬ್ಬರನ್ನು ಸಂಶಯಿಸಬೇಕು. ಮೂರು ಸ್ಥಿತಿಗಳಲ್ಲಿಯೂ ಒಂದೇ ಸದ್ದಿದ್ದರೆ ಅಪರಾಧಿ ಗಾಜಲ್ಲ. ಬಾಗಿಲಿನ ಬೀಗ, ಸರಳು, ಡೋರ್ ಪ್ಯಾಡಿನ ಮುರಿದ ಹಿಡಿಕೆಗಳು ಇವುಗಳಲ್ಲಿ ಯಾವುದೋ ಒಂದು.

೩. ಸದ್ದು ಬರುತ್ತಿರುವಾಗ ಗಾಜನ್ನು ಅಂಗೈಯಿಂದ ಹೊರಕ್ಕೆ ಮೆಲ್ಲನೆ ಒತ್ತಬೇಕು. ನಿಂತರೆ ಒತ್ತುಬಲದ ಕೊರತೆಯೇ ಕಾರಣ. ನಿಲ್ಲದಿದ್ದರೆ ಡೋರ್ ಪ್ಯಾಡನ್ನು ಬೇರೆ ಬೇರೆ ಕಡೆ ಒತ್ತಿ ನೋಡಬೇಕು.

೪. ಕಾರನ್ನು ನಿಲ್ಲಿಸಿ, ಕಾಗದದ ಪಟ್ಟಿಯೊಂದನ್ನು ಗಾಜಿಗೂ ರಬ್ಬರಿಗೂ ನಡುವೆ ಇಟ್ಟು ಗಾಜನ್ನು ಏರಿಸಿ, ಪಟ್ಟಿಯನ್ನು ಎಳೆಯಬೇಕು. ಬಿಗಿಯಾಗಿ ಬಂದ ಕಡೆ ಒತ್ತುಬಲ ಸರಿಯಾಗಿದೆ. ತಾನಾಗಿ ಜಾರಿದ ಕಡೆ ಇಲ್ಲ. ಅಂಚಿನುದ್ದಕ್ಕೂ ಹೀಗೆ ಮಾಡಿದರೆ ಸಡಿಲವಾದ ಸ್ಥಳದ ನಕ್ಷೆಯೇ ದೊರೆಯುತ್ತದೆ.

೫. ಸಂಶಯ ಬಂದ ಸ್ಥಳದಲ್ಲಿ ಮಡಿಸಿದ ರಟ್ಟಿನ ಚೂರನ್ನು ಸಿಕ್ಕಿಸಿ ಮತ್ತೆ ಅದೇ ರಸ್ತೆಯಲ್ಲಿ ಹೋಗಬೇಕು. ಸದ್ದು ನಿಂತರೆ ಊಹೆ ನಿಜವಾಯಿತು. ರಟ್ಟನ್ನು ತೆಗೆದಾಗ ಸದ್ದು ಮರಳಿ ಬಂದರೆ ಊಹೆ ಸ್ಥಿರವಾಯಿತು. ಈ ಎರಡನೆಯ ಹೆಜ್ಜೆಯನ್ನು ಬಿಡಬಾರದು. ಸದ್ದು ತಾನಾಗಿಯೇ ನಿಂತಿರಬಹುದಲ್ಲವೆ?

ಈ ಐದು ಹೆಜ್ಜೆಗಳಿಗೆ ತಗಲುವ ವೆಚ್ಚ ಒಂದು ಕಾಗದ, ಒಂದು ರಟ್ಟಿನ ಚೂರು. ಮುಂಡಗೋಡದಿಂದ ಹುಬ್ಬಳ್ಳಿಗೆ ಬಾಡಿಗೆ ಕಾರು ಓಡಿಸಿ ಜೀವಿಸುವವರಿಗೆ ಗಾಡಿ ಗ್ಯಾರೇಜಿನಲ್ಲಿ ನಿಂತ ಪ್ರತಿಯೊಂದು ದಿನವೂ ಸಂಪಾದನೆಯಿಲ್ಲದ ದಿನ. ಅಂಥವರಿಗೆ ಈ ಸಣ್ಣ ವಿಚಾರಣೆಯ ಬೆಲೆ ದೊಡ್ಡದು.

ವಿದ್ಯುತ್ ಕಿಟಕಿ

೧೯೫೭ರಿಂದ ೨೦೧೪ರವರೆಗೆ ತಯಾರಾದ ಅಂಬಾಸಿಡರ್ ಕಾರಿನಲ್ಲಿಯೂ, ೧೯೮೩ರಲ್ಲಿ ಬಂದ ಮಾರುತಿ ೮೦೦ರಲ್ಲಿಯೂ ಗಾಜನ್ನು ಕೈಹಿಡಿ ತಿರುಗಿಸಿ ಏರಿಸುವುದೇ ವಾಡಿಕೆಯಾಗಿದ್ದಿತು. ಗುಂಡಿ ಒತ್ತಿ ಏರಿಸುವ ಕಿಟಕಿಯನ್ನು ಅಮೆರಿಕದ ಪ್ಯಾಕಾರ್ಡ್ ಕಂಪನಿಯು ೧೯೪೦ರಷ್ಟು ಹಿಂದೆಯೇ ತನ್ನ ದೊಡ್ಡ ಕಾರುಗಳಲ್ಲಿ ಅಳವಡಿಸಿತ್ತು. ಅಲ್ಲಿ ವಿದ್ಯುತ್ತಿನಿಂದ ದ್ರವಕ್ಕೆ ಒತ್ತಡ ಕೊಟ್ಟು, ಆ ಒತ್ತಡದಿಂದ ಗಾಜನ್ನು ಎತ್ತುತ್ತಿದ್ದರು. ಈಗಿನ ಕಾರುಗಳಲ್ಲಿ ಪ್ರತಿ ಬಾಗಿಲಿಗೂ ಒಂದು ಸಣ್ಣ ನೇರಪ್ರವಾಹದ ಮೋಟಾರು ಇರುತ್ತದೆ.

ಮೋಟಾರಿನ ಅಕ್ಷದ ಮೇಲೆ ತಿರುಪಿನಂಥ ಸುರುಳಿಯಿದೆ. ಅದು ಒಂದು ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಇದನ್ನು ವರ್ಮ್ ಗೇರು ಎನ್ನುವರು. ಸುರುಳಿ ಒಂದು ಸುತ್ತು ತಿರುಗಿದರೆ ಗಾಲಿ ಒಂದು ಹಲ್ಲು ಮಾತ್ರ ಮುಂದುವರಿಯುತ್ತದೆ. ಗಾಲಿಗೆ ೭೦ ಹಲ್ಲುಗಳಿದ್ದರೆ ಮೋಟಾರು ೭೦ ಸುತ್ತು ತಿರುಗಿದಾಗ ಗಾಲಿಗೆ ಒಂದು ಸುತ್ತು. ವೇಗ ಕಡಮೆಯಾದಷ್ಟೂ ತಿರುಗುಬಲ ಹೆಚ್ಚುತ್ತದೆ. ಗಾಲಿಯು ಕತ್ತರಿಯಂಥ ತೋಳುಗಳನ್ನೋ, ರಾಟೆಗಳ ಮೇಲೆ ಹಾದುಹೋಗುವ ಉಕ್ಕಿನ ತಂತಿಯನ್ನೋ ಎಳೆದು ಗಾಜನ್ನು ಎತ್ತುತ್ತದೆ.

ವರ್ಮ್ ಗೇರಿಗೆ ಇನ್ನೊಂದು ಗುಣವುಂಟು. ಸುರುಳಿಯ ಇಳಿಜಾರಿನ ಕೋನವು ಘರ್ಷಣ ಕೋನಕ್ಕಿಂತ ಕಡಮೆಯಿದ್ದರೆ ಸುರುಳಿ ಗಾಲಿಯನ್ನು ತಿರುಗಿಸಬಹುದೇ ಹೊರತು ಗಾಲಿ ಸುರುಳಿಯನ್ನು ತಿರುಗಿಸಲಾರದು. ಘರ್ಷಣ ಗುಣಾಂಕ ೦.೧ ಆದರೆ ಈ ಕೋನ ಸುಮಾರು ೫.೭ ಡಿಗ್ರಿ. ಕಳ್ಳನು ಹೊರಗಿನಿಂದ ಗಾಜನ್ನು ಕೆಳಕ್ಕೆ ಒತ್ತಿದರೂ ಅದು ಇಳಿಯದಿರುವುದು, ಉಬ್ಬುತಗ್ಗಿನ ರಸ್ತೆಯಲ್ಲಿ ಗಾಜು ತನ್ನ ಭಾರದಿಂದ ಜಾರದಿರುವುದು ಈ ಗುಣದಿಂದಲೇ.

ಮೋಟಾರಿನ ಕೆಲಸವನ್ನು ಲೆಕ್ಕ ಹಾಕೋಣ. ೪ ಕಿಲೋಗ್ರಾಂ ಗಾಜಿನ ಭಾರ ಸುಮಾರು ೪೦ ನ್ಯೂಟನ್. ರಬ್ಬರುಗಳ ಘರ್ಷಣೆ ೮೦ ನ್ಯೂಟನ್ ಎನ್ನೋಣ. ಒಟ್ಟು ೧೨೦ ನ್ಯೂಟನ್. ಗಾಜು ೪ ಸೆಕೆಂಡಿನಲ್ಲಿ ೪೦ ಸೆಂಟಿಮೀಟರು ಏರಿದರೆ ವೇಗ ಸೆಕೆಂಡಿಗೆ ೦.೧ ಮೀಟರು. ಆದುದರಿಂದ ಉಪಯುಕ್ತ ಸಾಮರ್ಥ್ಯ ೧೨ ವ್ಯಾಟ್. ಆದರೆ ಮೋಟಾರು ೧೨ ವೋಲ್ಟಿನಲ್ಲಿ ೫ ಆಂಪಿಯರ್ ಪ್ರವಾಹವನ್ನು ಸೆಳೆದರೆ ನಾವು ಕೊಡುವುದು ೬೦ ವ್ಯಾಟ್. ಮೋಟಾರಿನ ಸುರುಳಿಯ ರೋಧ ೦.೬ ಓಮ್ ಆದರೆ ೧೫ ವ್ಯಾಟ್ ಅದರಲ್ಲಿಯೇ ಉಷ್ಣವಾಗುತ್ತದೆ; ಉಳಿದುದರಲ್ಲಿ ದೊಡ್ಡ ಪಾಲು ಗೇರು, ತಂತಿ, ರಾಟೆಗಳ ಘರ್ಷಣೆಗೆ ಹೋಗುತ್ತದೆ. ಗಾಜಿನ ಭಾರಕ್ಕಿಂತ ಘರ್ಷಣೆಯೇ ದೊಡ್ಡ ಹೊರೆ ಎಂಬುದನ್ನು ಗಮನಿಸಬೇಕು. ತೋಡು ಕೊಳೆಯಾದಾಗ ಮೋಟಾರು ಸೊರಗುವುದು ಆಶ್ಚರ್ಯವಲ್ಲ.

ಗಾಜು ಮೇಲಕ್ಕೆ ಮುಟ್ಟಿದ ಮೇಲೂ ಗುಂಡಿಯನ್ನು ಒತ್ತಿಯೇ ಹಿಡಿದರೆ ಏನಾಗುತ್ತದೆ? ತಿರುಗುತ್ತಿರುವ ಮೋಟಾರಿನಲ್ಲಿ ಹುಟ್ಟುವ ವಿರುದ್ಧ ವಿದ್ಯುಚ್ಚಾಲಕ ಬಲ ಪ್ರವಾಹವನ್ನು ಮಿತಿಯಲ್ಲಿಡುತ್ತದೆ. ಮೋಟಾರು ನಿಂತರೆ ಆ ಬಲ ಸೊನ್ನೆ. ಆಗ ಪ್ರವಾಹ ೧೨ ÷ ೦.೬, ಅಂದರೆ ೨೦ ಆಂಪಿಯರ್. ಪ್ರವಾಹ ನಾಲ್ಕು ಪಟ್ಟು, ಉಷ್ಣ ಹದಿನಾರು ಪಟ್ಟು. ೧೫ ವ್ಯಾಟಿನ ಜಾಗದಲ್ಲಿ ೨೪೦ ವ್ಯಾಟ್! ಮಕ್ಕಳು ಗುಂಡಿಯೊಡನೆ ಆಡುವುದನ್ನು ತಡೆಯಲು ಇದೂ ಒಂದು ಕಾರಣ.

ಕೆಟ್ಟ ಕಿಟಕಿಯ ವಿಚಾರಣೆಯೂ ಇದೇ ಕ್ರಮದಲ್ಲಿ ನಡೆಯಬೇಕು. ಎಲ್ಲ ಕಿಟಕಿಗಳೂ ನಿಂತಿದ್ದರೆ ಎಲ್ಲಕ್ಕೂ ಸಮಾನವಾದ ಫ್ಯೂಸನ್ನು ನೋಡಬೇಕು. ಒಂದೇ ನಿಂತಿದ್ದರೆ ಚಾಲಕನ ಬಳಿಯಿರುವ ಸ್ವಿಚ್ಚಿನಿಂದಲೂ ಆ ಬಾಗಿಲಿನ ಸ್ವಿಚ್ಚಿನಿಂದಲೂ ಪ್ರಯತ್ನಿಸಬೇಕು. ಒಂದರಿಂದ ಏರಿ ಇನ್ನೊಂದರಿಂದ ಏರದಿದ್ದರೆ ಮೋಟಾರು ನಿರಪರಾಧಿ. ಮೋಟಾರಿನ ಸದ್ದು ಕೇಳಿ ಗಾಜು ಅಲುಗದಿದ್ದರೆ ತಂತಿಯೋ ಪ್ಲಾಸ್ಟಿಕ್ ಹಿಡಿಕೆಯೋ ಮುರಿದಿದೆ. ಗಾಜು ನಿಧಾನವಾಗಿ ಏರಿದರೆ ಅದು ಏರುತ್ತಿರುವಾಗಲೇ ಮೋಟಾರಿನ ತುದಿಗಳಲ್ಲಿ ವಿಭವಾಂತರವನ್ನು ಅಳೆಯಬೇಕು. ಅದು ಬ್ಯಾಟರಿಯ ವಿಭವಾಂತರಕ್ಕೆ ಹತ್ತಿರವಿದ್ದರೆ ದೋಷ ಘರ್ಷಣೆಯಲ್ಲಿ ಅಥವಾ ಸವೆದ ಮೋಟಾರಿನಲ್ಲಿ. ಮೊದಲು ತೋಡನ್ನು ಚೊಕ್ಕಟಮಾಡಿ ನೋಡಬೇಕು. ಅದು ಬಹಳ ಕಡಮೆಯಿದ್ದರೆ ದೋಷ ಸ್ವಿಚ್ಚಿನಲ್ಲಿ ಅಥವಾ ತಂತಿಯಲ್ಲಿ. ಮಳೆಗಾಲದ ತೇವದಿಂದ ಸ್ವಿಚ್ಚಿನ ಸಂಪರ್ಕಗಳು ಕಿಲುಬಿ ಅರ್ಧ ಓಮ್ ರೋಧ ಸೇರಿಕೊಂಡರೂ ೫ ಆಂಪಿಯರಿನಲ್ಲಿ ೨.೫ ವೋಲ್ಟು ಅಲ್ಲಿಯೇ ನಷ್ಟವಾಗುತ್ತದೆ. ಬಾಗಿಲಿಗೂ ಕಾರಿನ ಮೈಗೂ ನಡುವೆ ರಬ್ಬರು ಕೊಳವೆಯಲ್ಲಿ ಹಾಯುವ ತಂತಿಗಳು ಬಾಗಿಲು ತೆರೆದಾಗಲೆಲ್ಲ ಬಾಗುವುದರಿಂದ ಒಳಗೆ ತುಂಡಾಗುವುದೂ ಉಂಟು.

ಅನುಕೂಲವೂ ಅಪಾಯವೂ

ಮನುಷ್ಯನ ಕೈಗೆ ಅಡ್ಡಿ ತಗುಲಿದರೆ ಅದು ತಾನೇ ನಿಲ್ಲುತ್ತದೆ. ಮೋಟಾರಿಗೆ ಆ ಸೂಕ್ಷ್ಮವಿಲ್ಲ. ಕಿಟಕಿಯಿಂದ ತಲೆ ಹೊರಹಾಕಿದ ಮಗುವಿನ ಕುತ್ತಿಗೆಯನ್ನೂ ಅದು ರಬ್ಬರಿನಂತೆಯೇ ಒತ್ತುತ್ತದೆ. ಈ ಅಪಾಯವನ್ನು ತಡೆಯಲು ಅನೇಕ ಕಾರುಗಳಲ್ಲಿ, ಒಂದೇ ಒತ್ತಿಗೆ ತಾನಾಗಿ ಏರುವ ಕಿಟಕಿಗೆ, ಅಡ್ಡಿಯನ್ನು ಗುರುತಿಸಿ ಹಿಂದಿರುಗುವ ಏರ್ಪಾಡಿದೆ. ಮೋಟಾರಿನ ಅಕ್ಷದಲ್ಲಿರುವ ಸಣ್ಣ ಅಯಸ್ಕಾಂತದ ಸುತ್ತುಗಳನ್ನು ಎಣಿಸುವ ಸಾಧನವು ವೇಗ ತಟ್ಟನೆ ಕುಗ್ಗಿದೊಡನೆ ಮೋಟಾರನ್ನು ಹಿಂದಕ್ಕೆ ತಿರುಗಿಸುತ್ತದೆ. ಒತ್ತುವ ಬಲ ೧೦೦ ನ್ಯೂಟನ್ ಮೀರುವ ಮೊದಲೇ ಹೀಗಾಗಬೇಕೆಂಬುದು ಅಂತರರಾಷ್ಟ್ರೀಯ ನಿಯಮಗಳು ಇಟ್ಟಿರುವ ಮಿತಿ. ಆದರೆ ಎಲ್ಲ ಕಾರುಗಳಲ್ಲಿ, ಎಲ್ಲ ಕಿಟಕಿಗಳಲ್ಲಿ ಈ ಏರ್ಪಾಡಿರುವುದಿಲ್ಲ. ಆದುದರಿಂದ ಮಕ್ಕಳು ಹಿಂದೆ ಕುಳಿತಾಗ ಚಾಲಕನ ಬಳಿಯ ತಡೆಗುಂಡಿಯನ್ನು ಒತ್ತಿಡಬೇಕು. ಕಾರನ್ನು ಬಿಟ್ಟಿಳಿಯುವಾಗ ಕೀಲಿಯನ್ನು ತೆಗೆದುಕೊಳ್ಳಬೇಕು.

ಕಾಳಿನದಿಯ ದಡದಲ್ಲಿಯೂ ಸೂಪಾ ಹಿನ್ನೀರಿನ ಬದಿಯಲ್ಲಿಯೂ ಸಂಚರಿಸುವವರು ತಿಳಿದಿರಬೇಕಾದ ಮಾತೊಂದಿದೆ. ಕಾರು ನೀರಿಗೆ ಬಿದ್ದರೆ ಬಾಗಿಲನ್ನು ನೂಕಲು ಹೊತ್ತು ಕಳೆಯಬಾರದು. ಬಾಗಿಲಿನ ವಿಸ್ತೀರ್ಣ ೦.೮ ಚದರ ಮೀಟರು, ಅದರ ಮೇಲಿನ ನೀರಿನ ಸರಾಸರಿ ಆಳ ಅರ್ಧ ಮೀಟರು ಎಂದರೂ ಹೊರಗಿನ ಒತ್ತಡದ ಬಲ ಸುಮಾರು ೩,೯೦೦ ನ್ಯೂಟನ್, ಎಂದರೆ ನಾಲ್ಕು ಕ್ವಿಂಟಲ್ ಭಾರ. ಕಾರು ಇನ್ನೂ ತೇಲುತ್ತಿರುವ ಮೊದಲ ನಿಮಿಷದಲ್ಲಿಯೇ ಸೊಂಟದ ಪಟ್ಟಿಯನ್ನು ಬಿಚ್ಚಿ ಕಿಟಕಿಯನ್ನು ಇಳಿಸಿ ಹೊರಬರಬೇಕು. ಮೋಟಾರು ನಿಂತಿದ್ದರೆ ಹದಗೊಳಿಸಿದ ಗಾಜಿನ ಮೂಲೆಗೆ ಗಟ್ಟಿಯಾದ ಮೊನಚು ಸಾಧನದಿಂದ ಹೊಡೆದರೆ ಅದು ಹರಳಾಗಿ ಉದುರುತ್ತದೆ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಹಾಳೆಯಿರುವ ಪದರಗಾಜು ಹೀಗೆ ಉದುರದು. ಮುಂದಿನ ಗಾಜು ಈ ಜಾತಿಯದು. ಅದನ್ನು ಒಡೆಯಲು ಹೋಗಬಾರದು. ನಮ್ಮ ಕಾರಿನ ಪಕ್ಕದ ಗಾಜು ಯಾವ ಜಾತಿಯದೆಂಬುದನ್ನು ಅದರ ಮೂಲೆಯಲ್ಲಿ ಅಚ್ಚೊತ್ತಿರುವ ಗುರುತಿನಿಂದ ಇಂದೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ನಿಧಾನವಾಗಿ ಏರುವ ಕಿಟಕಿ, ಗಡಗಡಿಸುವ ಗಾಜು ಇವು ಕೇವಲ ಕಿರಿಕಿರಿಯಲ್ಲ ಎಂಬುದು ಈಗ ಸ್ಪಷ್ಟವಾಗಿರಬಹುದು. ಬೇಕಾದಾಗ ತೆರೆಯುವ, ಬೇಡವಾದಾಗ ತಡೆಯುವ ಕಿಟಕಿಯು ಪ್ರಾಣರಕ್ಷಣೆಯ ಸಾಧನವೂ ಆಗಿದೆ.

ಅಭ್ಯಾಸ

೧. ಮೇಲಿನ ಮಣ್ಣುರಸ್ತೆಯಲ್ಲಿಯೇ ಕಾರು ಗಂಟೆಗೆ ೫೪ ಕಿಲೋಮೀಟರು ವೇಗದಿಂದ ಹೋದರ ಕಂಪನಾಂಕವೆಷ್ಟು? ಪಾರ ಅಷ್ಟೇ ಇದ್ದರೆ ಗಾಜನ್ನು ಹಿಡಿದಿಡಲು ಎಷ್ಟು ಬಲ ಬೇಕು?

೨. ಮೂರು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ ೯೦೦ ಸುತ್ತು ತಿರುಗುವಾಗ ಅದರ ಮಿಡಿತದ ಕಂಪನಾಂಕವೆಷ್ಟು?

೩. ಒಂದು ಕಿಟಕಿ ಬೇಸಿಗೆಯಲ್ಲಿ ಚೆನ್ನಾಗಿ ಏರಿ ಮಳೆಗಾಲದಲ್ಲಿ ಮಾತ್ರ ನಿಧಾನವಾಗುತ್ತದೆ. ಘರ್ಷಣೆಯೋ ರೋಧವೋ ಎಂಬುದನ್ನು ನೀವು ಹೇಗೆ ನಿರ್ಣಯಿಸುವಿರಿ?

ಉತ್ತರಗಳು: ೧. ೩೦ ಹರ್ಟ್ಸ್, ಸುಮಾರು ೧೪೪ ನ್ಯೂಟನ್. ೨. ೨೨.೫ ಹರ್ಟ್ಸ್. ಮೂರನೆಯದರ ಉತ್ತರವನ್ನು ವಿದ್ಯಾರ್ಥಿಗಳು ಒಂದು ವೋಲ್ಟ್‌ಮೀಟರನ್ನು ಹಿಡಿದು ತಾವೇ ಕಂಡುಕೊಳ್ಳಲಿ.